ದಾದರಿನಲ್ಲಿ ನಡೆಯುವವರ ಪಾಲು

ದಾದರಿನ ವಾಹನ ನಿಲುಗಡೆಯ ಸಮಸ್ಯೆಯನ್ನು ಕುರಿತು ಕಳೆದ ಕೆಲವು ವರ್ಷಗಳಿಂದ ಮರಾಠಿ ಮತ್ತು ಇಂಗ್ಲಿಷ್ ಪತ್ರಿಕೆಗಳಲ್ಲಿ ಧಾರಾಳವಾಗಿ ಚರ್ಚೆ ನಡೆದಿದೆ. ಗಿರಾಕಿಗಳಿಗೆ ಕಾರು ನಿಲ್ಲಿಸಲು ಸ್ಥಳವಿಲ್ಲದ್ದರಿಂದ ತಮ್ಮ ವ್ಯಾಪಾರ ಕುಸಿಯುತ್ತಿದೆಯೆಂದು ರಾನಡೆ ರಸ್ತೆಯ ಅಂಗಡಿಯವರು ಹೇಳುತ್ತಾರೆ. ತಮ್ಮ ಗಲ್ಲಿಗಳಲ್ಲಿ ಹೊರಗಿನವರ ಕಾರುಗಳೇ ತುಂಬಿವೆಯೆಂದು ಶಿವಾಜಿ ಪಾರ್ಕಿನ ನಿವಾಸಿಗಳು ದೂರುತ್ತಾರೆ. ಮಹಾನಗರಪಾಲಿಕೆ ದಂಡದ ಮೊತ್ತವನ್ನು ಏರಿಸುತ್ತದೆ, ಸಂಚಾರಿ ಪೊಲೀಸರು ವಾಹನ ಎಳೆದೊಯ್ಯುತ್ತಾರೆ. ಈ ನಾಲ್ಕು ಪಕ್ಷಗಳ ವಾದ-ಪ್ರತಿವಾದಗಳ ನಡುವೆ ಐದನೆಯ ಪಕ್ಷಕಾರನೊಬ್ಬನ ಹೆಸರನ್ನು ಯಾರೂ ಕೂಗಿದ್ದಿಲ್ಲ. ಆತನೇ ಕಾಲ್ನಡಿಗೆಯವನು. ಮೂವತ್ತು ವರ್ಷಗಳ ಸರಕಾರಿ ಸೇವೆಯಲ್ಲಿ ಕಡತಗಳನ್ನು ಓದಿ ಅಭ್ಯಾಸವಾದ ನನಗೆ, ಯಾವ ಕಡತದಲ್ಲಿ ಮುಖ್ಯ ಹಕ್ಕುದಾರನ ಅರ್ಜಿಯೇ ಇಲ್ಲವೋ ಆ ಕಡತವನ್ನು ಮರಳಿ ತೆರೆಯಬೇಕೆನ್ನಿಸುತ್ತದೆ. ಇಲ್ಲಿಯ ಅಭಿಪ್ರಾಯಗಳು ನನ್ನ ವೈಯಕ್ತಿಕ ಅಭಿಪ್ರಾಯಗಳೆಂದು ಬೇರೆ ಹೇಳಬೇಕಾಗಿಲ್ಲ.

ಈ ವಿಷಯ ಹೊರನಾಡ ಕನ್ನಡಿಗರ ಪತ್ರಿಕೆಯೊಂದಕ್ಕೆ ಏಕೆ ಬೇಕು ಎಂದು ಕೆಲವರು ಕೇಳಿಯಾರು. ಉತ್ತರ ಸುಲಭ. ಮುಂಬಯಿಯ ಕನ್ನಡ ಬದುಕು ಕಟ್ಟಿಕೊಂಡದ್ದೇ ಕಾಲ್ನಡಿಗೆಯ ಅಳತೆಯಲ್ಲಿ. 1926ರಲ್ಲಿ ಸ್ಥಾಪನೆಗೊಂಡ ಮೈಸೂರು ಅಸೋಸಿಯೇಶನ್ ಮಾಟುಂಗಾ ಪೂರ್ವದಲ್ಲಿ, 1933ರಲ್ಲಿ ಹುಟ್ಟಿದ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ ಹಳಿಗಳ ಆಚೆ ಪಶ್ಚಿಮದಲ್ಲಿ, ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ ವಡಾಲದಲ್ಲಿ. ಇವೆಲ್ಲವೂ ದಾದರಿನಿಂದ ಗಟ್ಟಿ ಕಾಲಿನವರು ನಡೆದು ತಲುಪಬಹುದಾದ ದೂರದಲ್ಲಿವೆ. ಮಾಟುಂಗಾದ ಉಡುಪಿ ಹೊಟೇಲುಗಳ ಹುಡುಗರು ಹಗಲೆಲ್ಲ ತಟ್ಟೆ-ಲೋಟ ಎತ್ತಿ, ಸಂಜೆ ಪುಸ್ತಕ ಹಿಡಿದು ರಾತ್ರಿಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಬಸ್ಸಿನ ಒಂದಾಣೆ ಉಳಿಸುವುದೂ ಒಂದು ಸಂಪಾದನೆಯೇ ಆಗಿತ್ತು. ಊರಿನಿಂದ ಬರುವವರಿಗೂ ದಾದರೇ ಬಾಗಿಲು. ಮೈಸೂರಿನ ಶರಾವತಿ ಎಕ್ಸ್‌ಪ್ರೆಸ್ಸಿಗೂ, ಬೆಳಗಾವಿ-ಹುಬ್ಬಳ್ಳಿಯ ಮಾರ್ಗವಾಗಿ ದಕ್ಷಿಣಕ್ಕೆ ಹೋಗುವ ಚಾಲುಕ್ಯ ಎಕ್ಸ್‌ಪ್ರೆಸ್ಸಿಗೂ ಇದೇ ಕೊನೆಯ ನಿಲ್ದಾಣ. ಅಲ್ಲಿಂದ ಹೊರಗೆ ಬಿದ್ದ ಹೊಸಬ ಮುಂಬಯಿಯಲ್ಲಿ ಮೊದಲು ಬಳಸಿದ ವಾಹನ ಅವನ ಎರಡು ಕಾಲುಗಳು.

ಈ ಬಡಾವಣೆಯ ಜನ್ಮವೃತ್ತಾಂತವನ್ನೂ ಇಲ್ಲಿ ಸ್ಮರಿಸುವುದು ಉಚಿತ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಗಾಳಿ-ಬೆಳಕಿಲ್ಲದ ಇಕ್ಕಟ್ಟಿನ ಕೇರಿಗಳೇ ರೋಗದ ಮೂಲವೆಂದು ಭಾವಿಸಿದ ಸರಕಾರ 1898ರಲ್ಲಿ ನಗರ ಸುಧಾರಣಾ ಟ್ರಸ್ಟನ್ನು ಸ್ಥಾಪಿಸಿತು. ದಾದರ್, ಮಾಟುಂಗಾ, ಸಾಯನ್‌ಗಳ ಗದ್ದೆ-ತೋಟಗಳನ್ನು ಸ್ವಾಧೀನಕ್ಕೆ ತೆಗೆದುಕೊಂಡು ಅಗಲವಾದ ರಸ್ತೆ, ಮರಗಳ ಸಾಲು, ಮನೆಮನೆಯ ನಡುವೆ ತೆರಪು, ನಡುನಡುವೆ ಉದ್ಯಾನಗಳಿರುವ ಬಡಾವಣೆಯನ್ನು ಟ್ರಸ್ಟು ರೂಪಿಸಿತು. ಹಿಂದೂ ಕಾಲನಿ, ಪಾರ್ಸಿ ಕಾಲನಿ, ಫೈವ್ ಗಾರ್ಡನ್ಸ್ ಎಲ್ಲವೂ ಆ ಯೋಜನೆಯ ಫಲ. ಅದೇ ಪ್ಲೇಗು 1898ರಲ್ಲಿ ಬೆಂಗಳೂರಿಗೆ ಬಂದಾಗ ಅಲ್ಲಿ ಮಲ್ಲೇಶ್ವರ, ಬಸವನಗುಡಿಗಳು ಬೆಳೆದವು. ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣಾ ಮಂಡಳಿ ಏರ್ಪಟ್ಟಿತು. ಹಾಗಾಗಿ ದಾದರ್-ಮಾಟುಂಗಾ ಮತ್ತು ಮಲ್ಲೇಶ್ವರ-ಬಸವನಗುಡಿಗಳು ಒಂದೇ ವ್ಯಾಧಿ ಹೆತ್ತ ಅಕ್ಕತಂಗಿಯರು. ಇವುಗಳನ್ನು ಅಳೆದವರ ಕಣ್ಣಮುಂದೆ ಇದ್ದವನು ನಡೆಯುವ ಮನುಷ್ಯ, ಹೆಚ್ಚೆಂದರೆ ಟ್ರಾಮು, ಜಟಕಾ. ಮುಂಬಯಿಯ ಕೊನೆಯ ಟ್ರಾಮು 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ಹೊರಟು ದಾದರಿಗೇ ಬಂದು ನಿಂತಿತು. ಟ್ರಾಮು ಹೋಗಿ ಆರು ದಶಕಗಳಾದರೂ ಆ ವೃತ್ತವನ್ನು ಜನ ಈಗಲೂ ದಾದರ್ ಟಿ.ಟಿ. ಎಂದೇ ಕರೆಯುತ್ತಾರೆ. ನಾಲಗೆಗೆ ಇರುವಷ್ಟು ಸ್ಮರಣಶಕ್ತಿ ನಮ್ಮ ನಗರಯೋಜಕರಿಗೆ ಇದ್ದಿದ್ದರೆ ಚೆನ್ನಾಗಿತ್ತು.

ನಾಯಗಾಂವದಲ್ಲಿರುವ ನನ್ನ ಹಿರಿಯ ಮಿತ್ರರೊಬ್ಬರು ನಾಲ್ವತ್ತು ವರ್ಷಗಳಿಂದ ಕನ್ನಡದ ಒಂದು ಉಪನ್ಯಾಸವನ್ನೂ ತಪ್ಪಿಸಿದವರಲ್ಲ. ಎರಡು ವರ್ಷಗಳಿಂದ ಅವರ ಕುರ್ಚಿ ಖಾಲಿ. ಆರೋಗ್ಯ ಸರಿಯಿಲ್ಲವೇನೋ ಎಂದು ವಿಚಾರಿಸಲು ಹೋದಾಗ ಅವರು ನಕ್ಕು, "ಬರ್ಲಿಕ್ಕೆ ಮನಸ್ಸುಂಟು ಮಾರಾಯ್ರೇ, ಕಾಲಿಡ್ಲಿಕ್ಕೆ ಜಾಗ ಬೇಕಲ್ಲ!" ಎಂದರು. ಟ್ಯಾಕ್ಸಿಯವರು ಅಷ್ಟು ಹತ್ತಿರದ ಬಾಡಿಗೆಗೆ ಒಪ್ಪುವುದಿಲ್ಲ. ನಡೆಯೋಣವೆಂದರೆ ಫುಟ್‌ಪಾತಿನ ಮೇಲೆ ಮೋಟರ್‌ಬೈಕು, ಕೆಳಗಿಳಿದರೆ ಸಾಲಾಗಿ ಕಾರು, ಅದರಾಚೆ ಇಳಿದರೆ ಬಸ್ಸಿನ ಚಕ್ರ. ಎಪ್ಪತ್ತಾರರ ವೃದ್ಧರು ಮೂರನೆಯ ಸಾಲಿನಲ್ಲಿ ನಡೆಯಬೇಕಾದ ಪರಿಸ್ಥಿತಿ ಇದು. ಸಭೆಗಳಲ್ಲಿ ಜನ ಸೇರುವುದಿಲ್ಲ, ಕನ್ನಡದ ಅಭಿಮಾನ ಕುಗ್ಗಿದೆ ಎಂದು ನಮ್ಮ ಸಂಘಟಕರು ಹಲುಬುವುದನ್ನು ಕೇಳಿದ್ದೇನೆ. ಅಭಿಮಾನ ಕುಗ್ಗಿದ್ದೆಷ್ಟು, ದಾರಿ ಕುಗ್ಗಿದ್ದೆಷ್ಟು ಎಂಬ ಲೆಕ್ಕವನ್ನು ಮಾತ್ರ ಯಾರೂ ಇಟ್ಟಿಲ್ಲ.

ನಗರದ ಒಟ್ಟು ಲೆಕ್ಕವೇನೋ ಉಂಟು. ಮಹಾನಗರ ಪ್ರದೇಶ ಪ್ರಾಧಿಕಾರ 2008ರಲ್ಲಿ ಪೂರ್ಣಗೊಳಿಸಿದ ಸಾರಿಗೆ ಅಧ್ಯಯನದ ಪ್ರಕಾರ ಈ ಪ್ರದೇಶದ ದೈನಂದಿನ ಪ್ರಯಾಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕಾಲ್ನಡಿಗೆಯವು. ರೈಲು, ಬಸ್ಸು ಹಿಡಿಯುವವರೂ ಮೊದಲು ನಡೆದು, ಆಮೇಲೆ ಹತ್ತಿ, ಇಳಿದ ಮೇಲೆ ಮತ್ತೆ ನಡೆಯುವವರೇ. ಹೀಗೆ ಬಹುಸಂಖ್ಯಾತರಾದವರಿಗೆ ರಸ್ತೆಯಲ್ಲಿ ಸಲ್ಲಬೇಕಾದ ಪಾಲನ್ನು ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಬರೆದಿದೆ: ಯಾವ ಅಡೆತಡೆಯೂ ಇಲ್ಲದ ಕನಿಷ್ಠ 1.8 ಮೀಟರ್ ಅಗಲದ ನಡೆದಾರಿ, ರಸ್ತೆಯಿಂದ ಅದರ ಎತ್ತರ 150 ಮಿಲಿಮೀಟರಿಗೆ ಮೀರಬಾರದು. 1.8 ಮೀಟರ್ ಎಂದರೆ ಎದುರುಬದುರು ಬರುವ ಎರಡು ಗಾಲಿಕುರ್ಚಿಗಳು ಒಂದನ್ನೊಂದು ದಾಟುವಷ್ಟು. ದಾದರ್ ಪಶ್ಚಿಮದ ಪೇಟೆಬೀದಿಗಳಲ್ಲಿ ಗಾಲಿಕುರ್ಚಿಯ ಮಾತಿರಲಿ, ಮಗುವನ್ನು ಎತ್ತಿಕೊಂಡ ತಾಯಿ ನೇರವಾಗಿ ಐವತ್ತು ಹೆಜ್ಜೆ ಇಡುವುದೂ ಕಷ್ಟ. 2025ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯವು ಫುಟ್‌ಪಾತಿನ ಮೇಲೆ ನಿರಾತಂಕವಾಗಿ ನಡೆಯುವ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸಾರಿ, ಮಾರ್ಗಸೂಚಿ ರಚಿಸುವಂತೆ ರಾಜ್ಯಗಳಿಗೆ ಆದೇಶಿಸಿತು. ಬದುಕುವ ಹಕ್ಕು ಎಂಬ ಮಾತು ದಾದರಿನ ಜನಕ್ಕೆ ಅಲಂಕಾರವಾಗಿ ಕೇಳಿಸಲಾರದು. 2017ರ ಆಗಸ್ಟ್ 29ರ ಮಹಾಮಳೆಯಲ್ಲಿ ಹೆಸರಾಂತ ವೈದ್ಯರೊಬ್ಬರು ನೀರಿನಲ್ಲಿ ಸಿಕ್ಕಿಕೊಂಡ ತಮ್ಮ ಕಾರನ್ನು ಬಿಟ್ಟು ನಡೆದುಕೊಂಡು ಮನೆಗೆ ಹೊರಟು, ಪ್ರಭಾದೇವಿಯ ಬಳಿ ಬಾಯಿ ತೆರೆದಿದ್ದ ಮ್ಯಾನ್‌ಹೋಲಿಗೆ ಬಿದ್ದು ತೀರಿಕೊಂಡರು. ಸರಿಯಾಗಿ ಒಂದು ತಿಂಗಳಿಗೆ, ಸೆಪ್ಟೆಂಬರ್ 29ರಂದು, ಪಕ್ಕದ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಿನ ಪಾದಚಾರಿ ಸೇತುವೆಯ ಮೇಲೆ ನೂಕುನುಗ್ಗಲಾಗಿ 23 ಜನ ಸತ್ತರು. ಸತ್ತವರೆಲ್ಲ ನಡೆಯುತ್ತಿದ್ದವರು. ಅವರಲ್ಲಿ ಯಾರೂ ವೇಗವಾಗಿ ಹೋಗುತ್ತಿರಲಿಲ್ಲ, ಯಾವ ನಿಯಮವನ್ನೂ ಮುರಿದಿರಲಿಲ್ಲ.

ಈಗ ನಿಲುಗಡೆಯ ವಿಚಾರ. ಮುಂಬಯಿಯ ವಾಹನಗಳ ಸಂಖ್ಯೆ ನಲವತ್ತು ಲಕ್ಷವನ್ನು ದಾಟಿದೆ. ರಸ್ತೆಗಳ ಉದ್ದ ಸುಮಾರು 2,000 ಕಿಲೋಮೀಟರ್. ಈ ಭಾಗಾಕಾರಕ್ಕೆ ಗಣಿತದ ಪದವಿ ಬೇಡ. ಒಂದು ಕಾರಿಗೆ ಕಟ್ಟಡ ನಿಯಮಗಳು ಗೊತ್ತುಮಾಡಿದ ದೊಡ್ಡ ಅಳತೆಯ ಸ್ಥಳ ಎರಡೂವರೆ ಮೀಟರ್ ಅಗಲ, ಐದೂವರೆ ಮೀಟರ್ ಉದ್ದ. ಅಂದರೆ ಹೆಚ್ಚುಕಡಿಮೆ 148 ಚದರಡಿ. 1920ರ ದಶಕದಲ್ಲಿ ಸರಕಾರ ಗಿರಣಿ ಕಾರ್ಮಿಕರಿಗೆಂದು ಕಟ್ಟಿಸಿದ ಬಿ.ಡಿ.ಡಿ. ಚಾಳುಗಳ ಒಂದು ಖೋಲಿಯ ವಿಸ್ತೀರ್ಣ 160 ಚದರಡಿ. ನಾಯಗಾಂವದ ಅಂಥ ಖೋಲಿಗಳಲ್ಲಿ ಮೂರು ತಲೆಮಾರುಗಳು ಹುಟ್ಟಿ, ಬೆಳೆದು, ಮದುವೆಯಾಗಿ, ಮುದುಕರಾದವು. ಒಂದು ಕುಟುಂಬಕ್ಕೆ ಸಾಲುತ್ತದೆಂದು ಸರಕಾರ ತೀರ್ಮಾನಿಸಿದಷ್ಟೇ ಭೂಮಿಯನ್ನು, ದಿನದ ಬಹುಪಾಲು ಅಲುಗಾಡದೆ ನಿಂತಿರುವ ಒಂದು ಕಾರಿಗೆ ರಸ್ತೆಯ ಬದಿಯಲ್ಲಿ ಬಾಡಿಗೆಯಿಲ್ಲದೆ ಬಿಟ್ಟುಕೊಡುತ್ತಿದ್ದೇವೆ. ದಾದರಿನಲ್ಲಿ ಒಂದು ಚದರಡಿಯ ಬೆಲೆಯನ್ನು ಬಲ್ಲವರು ಈ ಔದಾರ್ಯಕ್ಕೆ ಬೆರಗಾಗಬೇಕು. ನನಗೂ ಒಂದು ಕಾರಿದೆ. ಅದು ಆಂಟಾಪ್ ಹಿಲ್ಲಿನ ಸರಕಾರಿ ವಸತಿಯಲ್ಲಿ ನಿಲ್ಲುತ್ತದೆ. ನಾನು ದಾದರ್ ಟಿ.ಟಿ.ಗೆ ಬೆಸ್ಟ್ ಬಸ್ಸಿನಲ್ಲಿ ಬರುತ್ತೇನೆ. ಇದನ್ನು ಹೇಳುತ್ತಿರುವುದು ಆದರ್ಶಪ್ರದರ್ಶನಕ್ಕಾಗಿ ಅಲ್ಲ. ಕಾರುಳ್ಳವರೂ ದಾದರಿನಲ್ಲಿ ಕೊನೆಗೆ ನಡೆಯಲೇಬೇಕು ಎಂಬ ಸರಳ ಸಂಗತಿಗಾಗಿ.

ನಿಲುಗಡೆಗೆ ಸ್ಥಳ ಮಾಡಿದರೆ ರಸ್ತೆ ತೆರವಾಗುತ್ತದೆ ಎಂಬ ನಂಬಿಕೆಯನ್ನು ನಾವು ಸಾಕಷ್ಟು ಪರೀಕ್ಷಿಸಿ ನೋಡಿಯಾಗಿದೆ. ಶಿವಸೇನಾ ಭವನದ ಎದುರಿನ ಕೊಹಿನೂರ್ ಗಿರಣಿಯ ಜಮೀನನ್ನು ರಾಷ್ಟ್ರೀಯ ಜವಳಿ ನಿಗಮವು 2005ರಲ್ಲಿ 421 ಕೋಟಿ ರೂಪಾಯಿಗೆ ಮಾರಿತು. ಪಾಳಿಯ ಭೋಂಗಾ ಕೇಳಿ ಸುತ್ತಲ ಚಾಳುಗಳಿಂದ ಕಾರ್ಮಿಕರು ನಡೆದು ಬರುತ್ತಿದ್ದ ಸ್ಥಳದಲ್ಲಿ ಗಗನಚುಂಬಿ ಕಟ್ಟಡವೆದ್ದು, ಅದರೊಡನೆ ಸಾರ್ವಜನಿಕ ವಾಹನ ನಿಲುಗಡೆಯೂ ಬಂತು. ಸಾರ್ವಜನಿಕ ನಿಲುಗಡೆ ಕಟ್ಟಿಕೊಟ್ಟವರಿಗೆ ಹೆಚ್ಚುವರಿ ನಿರ್ಮಾಣದ ಹಕ್ಕು ನೀಡುವ ನಿಯಮವೊಂದು ಆಗ ಜಾರಿಯಲ್ಲಿತ್ತು. 2019ರ ಜುಲೈಯಲ್ಲಿ ಪಾಲಿಕೆಯು ಇಂಥ ನಿಲುಗಡೆಗಳ 500 ಮೀಟರ್ ವ್ಯಾಪ್ತಿಯಲ್ಲಿ ರಸ್ತೆಯ ಮೇಲೆ ಕಾರು ನಿಲ್ಲಿಸಿದರೆ 10,000 ರೂಪಾಯಿ ದಂಡವೆಂದು ಸಾರಿತು. ಕೆಲವು ವಾರ ಪತ್ರಿಕೆಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಸುದ್ದಿಯಾಯಿತು. 2023ರಲ್ಲಿ ವ್ಯಾಪಾರಿಗಳ ಸಂಘದೊಡನೆ ಸೇರಿ, ಪೇಟೆಗೆ ಬಂದವರಿಂದ ಕೀಲಿ ಪಡೆದು ಕಾರನ್ನು ಕೊಹಿನೂರಿಗೆ ಒಯ್ದು ನಿಲ್ಲಿಸುವ ವ್ಯವಸ್ಥೆಯೂ ಆರಂಭವಾಯಿತು. ಈ ಕೊನೆಯದು ಬುದ್ಧಿವಂತಿಕೆಯ ಕೆಲಸ, ಅದನ್ನು ಮೆಚ್ಚುತ್ತೇನೆ. ಆದರೆ ಪೇಟೆಯ ಬೀದಿಯಲ್ಲಿ ಹಣ ತೆರದೆ ನಿಲ್ಲಿಸಲು ಅವಕಾಶವಿರುವ ತನಕ ಹಣ ತೆತ್ತು ಮಾಳಿಗೆಯಲ್ಲಿ ನಿಲ್ಲಿಸುವವರು ಎಷ್ಟು ಮಂದಿ? ನಿಲುಗಡೆಯನ್ನು ಕಟ್ಟಿದಾಗ ಅಷ್ಟೇ ಉದ್ದದ ಫುಟ್‌ಪಾತನ್ನೂ ಅಂದೇ ಬಿಡಿಸಿಕೊಳ್ಳಬೇಕಿತ್ತು. ಅದನ್ನು ಮಾಡದೆ ಹೋದದ್ದರಿಂದ ಕಾರಿಗೆ ಒಳಗೂ ಸ್ಥಳ, ಹೊರಗೂ ಸ್ಥಳ ಎಂದಾಯಿತು.

ಪುನರ್ನಿರ್ಮಾಣದ ಹೊಸ ಕಟ್ಟಡಗಳು ಇನ್ನೊಂದು ಬಗೆಯ ಹಾನಿ ಮಾಡುತ್ತಿವೆ. ಹಳೆಯ ಮೂರಂತಸ್ತಿನ ಮನೆಗಳಲ್ಲಿ ಬೀದಿಗೆ ತೆರೆದ ಗ್ಯಾಲರಿ ಇತ್ತು, ಕೆಳಗೆ ಒಂದು ಕಿರಾಣಿ, ಒಬ್ಬ ದರ್ಜಿ, ಒಂದು ಹಾಲಿನ ಅಂಗಡಿ. ಆ ಕಣ್ಣುಗಳ ಕಾವಲಿನಲ್ಲಿ ರಾತ್ರಿ ಹತ್ತಕ್ಕೂ ಹೆಣ್ಣುಮಕ್ಕಳು ಕ್ಲಾಸು ಮುಗಿಸಿ ನಿಶ್ಚಿಂತೆಯಿಂದ ಬರುತ್ತಿದ್ದರು. ಅದೇ ಸ್ಥಳದಲ್ಲಿ ಏಳುವ ಗೋಪುರಗಳ ಕೆಳಗಿನ ಐದಾರು ಅಂತಸ್ತು ಕಾರುಗಳಿಗೆ ಮೀಸಲು. ಬೀದಿಯ ಮಟ್ಟದಲ್ಲಿ ಕಾಣುವುದು ಒಂದು ಕುರುಡು ಗೋಡೆ, ಒಂದು ಇಳಿಜಾರು, ಒಬ್ಬ ಸೀಟಿ ಊದುವ ಕಾವಲುಗಾರ. ಪ್ರತಿಯೊಂದು ಇಳಿಜಾರಿಗೂ ಫುಟ್‌ಪಾತು ಒಮ್ಮೆ ತುಂಡಾಗುತ್ತದೆ. ಮನೆಯೊಂದಕ್ಕೆ ಇಷ್ಟು ಕಾರು ಎಂದು ಕನಿಷ್ಠ ಸಂಖ್ಯೆಯನ್ನು ವಿಧಿಸುವ ನಿಯಮವೇ ಇದಕ್ಕೆ ಕಾರಣ. ರೈಲ್ವೆಯ ಎರಡು ಮಾರ್ಗಗಳು ಕೂಡುವ ಸ್ಥಳದ ಕಾಲು ಹರದಾರಿಯೊಳಗೆ ಕಾರಿನ ಕನಿಷ್ಠವನ್ನಲ್ಲ, ಗರಿಷ್ಠವನ್ನು ವಿಧಿಸಬೇಕು. ಜಪಾನಿನಲ್ಲಿ ಸ್ವಂತ ನಿಲುಗಡೆಯ ಸ್ಥಳ ತೋರಿಸದವನಿಗೆ ಕಾರು ನೋಂದಾಯಿಸಿಕೊಡುವುದಿಲ್ಲ. ಆ ಕಾನೂನು 1962ರದು. 2025ರಲ್ಲಿ ಮಹಾರಾಷ್ಟ್ರ ಸರಕಾರವೂ ಇಂಥದೇ ಪ್ರಸ್ತಾಪವನ್ನು ಮುಂದಿಟ್ಟಿತು. ಪ್ರಸ್ತಾಪಗಳ ಆಯುಷ್ಯ ಎಷ್ಟೆಂಬುದು ನನ್ನಂಥ ನೌಕರರಿಗೆ ತಿಳಿಯದ್ದೇನಲ್ಲ.

ಫೇರಿವಾಲರ ಪ್ರಶ್ನೆಯನ್ನು ಮರೆಸಿ ಮುಂದೆ ಹೋಗುವುದು ಪ್ರಾಮಾಣಿಕವಾಗದು. ಎಲ್ಫಿನ್‌ಸ್ಟನ್ ದುರಂತದ ತರುವಾಯ 2017ರ ನವೆಂಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ರೈಲ್ವೆ ನಿಲ್ದಾಣಗಳಿಂದ 150 ಮೀಟರಿನೊಳಗೆ ಬೀದಿವ್ಯಾಪಾರ ಕೂಡದೆಂದಿತು. ನಿಲ್ದಾಣದ ಬಾಯಲ್ಲಿ ಅದು ಅಗತ್ಯವೇ. ಆದರೆ ಫುಟ್‌ಪಾತನ್ನು ನುಂಗಿದವನು ಫೇರಿವಾಲನೊಬ್ಬನೇ ಎಂದು ನಂಬುವ ಮಧ್ಯಮವರ್ಗದ ಮಾತನ್ನು ನಾನು ಒಪ್ಪಲಾರೆ. ಹೂ ಮಾರುವ ಹೆಂಗಸು ಕೂಡುವುದು ಒಂದು ಚದರ ಮೀಟರಿನಲ್ಲಿ. ಅವಳ ಬುಟ್ಟಿಯನ್ನು ಪಾಲಿಕೆಯ ಗಾಡಿ ಎತ್ತಿಕೊಂಡು ಹೋಗುತ್ತದೆ. ಅವಳೆದುರೇ ಹದಿಮೂರು ಚದರ ಮೀಟರ್ ಆಕ್ರಮಿಸಿದ ಕಾರು ಸಂಜೆಯವರೆಗೆ ಸುಖವಾಗಿ ನಿಂತಿರುತ್ತದೆ. 2014ರ ಬೀದಿವ್ಯಾಪಾರಿಗಳ ಕಾಯಿದೆ ನಗರದ ಜನಸಂಖ್ಯೆಯ ಶೇಕಡಾ 2.5ರವರೆಗೆ ವ್ಯಾಪಾರಿಗಳಿಗೆ ಸ್ಥಳ ಗುರುತಿಸಿ ಕೊಡಬೇಕೆನ್ನುತ್ತದೆ. ಕಾರುಗಳ ಒಂದು ಸಾಲನ್ನು ಎಬ್ಬಿಸಿದರೆ ಅದರಲ್ಲಿ ಅರ್ಧ ನಡೆಯುವವರಿಗೆ, ಅರ್ಧ ಹೂವು-ತರಕಾರಿಯವರಿಗೆ ಸಾಕಾಗುತ್ತದೆ. ನಡೆಯುವವನೂ ಮಾರುವವನೂ ಪರಸ್ಪರ ಜಗಳವಾಡುವಂತೆ ಮಾಡಿದ್ದು ಆ ಸಾಲು.

ನಡೆಯುವವರನ್ನು ಆಕಾಶಕ್ಕೆ ಏರಿಸುವ ಪ್ರಯೋಗವೂ ಆಯಿತು. 2008ರಲ್ಲಿ ಬಾಂದ್ರಾ ಪೂರ್ವದಲ್ಲಿ ಮೊದಲ ಸ್ಕೈವಾಕ್ ತೆರೆಯಿತು, ನಂತರ ಊರತುಂಬ ಮೂವತ್ತಕ್ಕೂ ಮಿಕ್ಕಿ. ಹತ್ತು-ಹನ್ನೆರಡು ವರ್ಷಗಳಲ್ಲಿ ಆ ಮೊದಲನೆಯದನ್ನೇ ಮುಚ್ಚಿ ಕೆಡವಬೇಕಾಯಿತು. ನೆಲ ಕಾರಿನದು, ನೀನು ಮೆಟ್ಟಿಲು ಹತ್ತು ಎಂಬ ಧೋರಣೆಗೆ ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಕಿಲ್ಲ. 2025ರ ಮೇ ತಿಂಗಳಲ್ಲಿ ದಾದರಿಗೆ ಭೂಗತ ಮೆಟ್ರೋ ಬಂತು. 33.5 ಕಿಲೋಮೀಟರಿನ ಆ ಮಾರ್ಗಕ್ಕೆ 37,000 ಕೋಟಿಗೂ ಮೀರಿದ ವೆಚ್ಚ. ಪಶ್ಚಿಮ ರೈಲ್ವೆ, ಮಧ್ಯ ರೈಲ್ವೆಗಳ ಹದಿನಾಲ್ಕು ಪ್ಲಾಟ್‌ಫಾರ್ಮುಗಳ ದಾದರ್ ನಿಲ್ದಾಣಕ್ಕೂ ಆ ಮೆಟ್ರೋ ನಿಲ್ದಾಣಕ್ಕೂ ತೆರೆದ ದಿನ ನೇರ ಜೋಡಣೆಯಿರಲಿಲ್ಲ. ಹವಾನಿಯಂತ್ರಿತ ಬಂಡಿಯಿಂದ ಇಳಿದ ಪ್ರಯಾಣಿಕ ಪೇಟೆಯ ನೂಕಾಟದಲ್ಲಿ ಕೈಚೀಲವನ್ನು ಎದೆಗವಚಿಕೊಂಡು ಲೋಕಲ್ ಹಿಡಿಯಲು ನಡೆಯಬೇಕಾಯಿತು. ಇಷ್ಟು ಕೋಟಿಗಳ ನಡುವೆ ಆ ಕಾಲು ಗಂಟೆಯ ದಾರಿಗೆ ಯಾರೂ ಒಂದು ಕಾಸು ತೆಗೆದಿಟ್ಟಂತೆ ಕಾಣಲಿಲ್ಲ.

ಇದೆಲ್ಲ ದಾದರಿನಂಥ ಜನದಟ್ಟಣೆಯಲ್ಲಿ ಅಸಾಧ್ಯವೆನ್ನುವವರು ಡಿಸೆಂಬರ್ 6ರಂದು ಇಲ್ಲಿಗೆ ಬರಬೇಕು. 1956ರಲ್ಲಿ ದಾದರ್ ಚೌಪಾಟಿಯಲ್ಲಿ ಬಾಬಾಸಾಹೇಬ ಅಂಬೇಡ್ಕರರ ಅಂತ್ಯಕ್ರಿಯೆ ನಡೆದಂದಿನಿಂದ ಅವರ ಪರಿನಿರ್ವಾಣದ ದಿನ ಲಕ್ಷಾಂತರ ಜನ ಚೈತ್ಯಭೂಮಿಗೆ ಬರುತ್ತಾರೆ. ವಿದರ್ಭ, ಮರಾಠವಾಡಗಳಿಂದ ಬಂದಂತೆ ನಮ್ಮ ಕಲಬುರ್ಗಿ-ಬೀದರ್ ಕಡೆಯಿಂದಲೂ ಬರುತ್ತಾರೆ. ನಿಲ್ದಾಣದಿಂದ ಸಮುದ್ರದವರೆಗೆ ಎಲ್ಲರದೂ ನಡಿಗೆ. ಆ ಒಂದೆರಡು ದಿನ ಅದೇ ಪಾಲಿಕೆ, ಅದೇ ಪೊಲೀಸರು ಸುತ್ತಲ ರಸ್ತೆಗಳಲ್ಲಿ ವಾಹನ ನಿಲುಗಡೆಯನ್ನು ನಿಷೇಧಿಸುತ್ತಾರೆ, ಸಂಚಾರ ತಿರುಗಿಸುತ್ತಾರೆ, ನೀರು-ಶೌಚಾಲಯ ಒದಗಿಸುತ್ತಾರೆ. ಊರೇನೂ ಮುಳುಗುವುದಿಲ್ಲ. ಶಿವಾಜಿ ಪಾರ್ಕಿನ ಕೆಲವು ಮನೆಗಳಲ್ಲಿ ಅಂದು ಬಾಗಿಲು ಹಾಕಿ ಊರ ಹೊರಗೆ ಹೋಗುವ ಪದ್ಧತಿಯಿದೆ. ಆ ಮನೋಧರ್ಮದ ಬಗ್ಗೆ ಇಲ್ಲಿ ಹೆಚ್ಚು ಬರೆಯಲಾರೆ. ಆದರೆ ಬೀದಿಯಲ್ಲಿ ನಡೆಯುವುದು ನಮ್ಮ ದೇಶದಲ್ಲಿ ಎಂದೂ ಬರಿಯ ಸಂಚಾರದ ವಿಷಯವಾಗಿರಲಿಲ್ಲ. ದೇವಸ್ಥಾನದ ಸುತ್ತಲ ರಸ್ತೆಯಲ್ಲಿ ಕಾಲಿಡುವ ಹಕ್ಕಿಗಾಗಿಯೇ 1924ರಲ್ಲಿ ವೈಕಂನಲ್ಲಿ ಸತ್ಯಾಗ್ರಹ ನಡೆಯಿತು. ಅಂಬೇಡ್ಕರರ ಮನೆ ರಾಜಗೃಹವಿರುವುದು ಇದೇ ಹಿಂದೂ ಕಾಲನಿಯಲ್ಲಿ. ಜಾತಿ ಬಿಟ್ಟುಕೊಟ್ಟ ಬೀದಿಯನ್ನು ಈಗ ಉಕ್ಕಿನ ಪೆಟ್ಟಿಗೆಗಳು ಹಿಡಿದುಕೊಂಡಿವೆ.

ದಾದರಿಗೆ ತಾನು ಏನಾಗಬಹುದೆಂಬ ಮಾದರಿ ದೂರದಲ್ಲಿಲ್ಲ. 1925ರಲ್ಲಿ ತೆರೆದು, 1927ರಲ್ಲಿ ನಗರಸೇವಕಿ ಅವಂತಿಕಾಬಾಯಿ ಗೋಖಲೆಯವರ ಪ್ರಯತ್ನದಿಂದ ಈಗಿನ ಹೆಸರು ಪಡೆದ ಶಿವಾಜಿ ಪಾರ್ಕಿನ ಸುತ್ತ ಒಂದು ಗಿಡ್ಡ ಗೋಡೆಯಿದೆ. ಮರಾಠಿಗರು ಅದನ್ನು ಕಟ್ಟಾ ಎನ್ನುತ್ತಾರೆ. ಕೇಳಿದೊಡನೆ ನಮಗೆ ಅರಳಿಕಟ್ಟೆ ನೆನಪಾಗದಿರದು. ಸಂಜೆ ಅಲ್ಲಿ ಪಿಂಚಣಿದಾರರು, ಕಾಲೇಜಿನ ಹುಡುಗ-ಹುಡುಗಿಯರು, ಸೋತ ಕ್ರಿಕೆಟಿಗರು, ಗೆದ್ದ ರಾಜಕಾರಣಿಗಳು ಒಂದೇ ಎತ್ತರದಲ್ಲಿ ಕೂಡುತ್ತಾರೆ. ಅದರ ಸುತ್ತಳತೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ದಾದರಿನಲ್ಲಿ ತಡೆಯಿಲ್ಲದೆ ನಡೆಯಬಹುದಾದ ದೂರವೂ ಬಹುಶಃ ಅಷ್ಟೇ. ಬೆಂಗಳೂರಿನ ಚರ್ಚ್ ಸ್ಟ್ರೀಟನ್ನು 2018ರಲ್ಲಿ ಕಲ್ಲು ಹಾಸಿ ನಡೆಯುವವರಿಗೆ ಅನುಕೂಲವಾಗುವಂತೆ ಮರುರೂಪಿಸಿದರು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಅಲ್ಲಿ ವಾಹನಗಳನ್ನೇ ನಿಲ್ಲಿಸಿದ್ದರು. ಅಲ್ಲಿಯೂ ವ್ಯಾಪಾರ ಕೆಡುವುದೆಂಬ ಅಂಜಿಕೆ ಇತ್ತು. ರಾನಡೆ ರಸ್ತೆಯ ಅಂಗಡಿಯವರಿಗೆ ನನ್ನದೊಂದು ವಿನಂತಿ: ದೀಪಾವಳಿಯ ವಾರ ತಮ್ಮ ಗಿರಾಕಿಗಳಲ್ಲಿ ಎಷ್ಟು ಮಂದಿ ರೈಲಿನಿಂದ ಇಳಿದು ಬಂದವರು, ಎಷ್ಟು ಮಂದಿ ಕಾರಿನವರು ಎಂದು ತಾವೇ ಎಣಿಸಿ ನೋಡಲಿ.

ರೋಗಿಗಳಿಗೆ, ಅಶಕ್ತರಿಗೆ ಬಾಗಿಲವರೆಗೆ ವಾಹನ ಬೇಕು. ಅದಕ್ಕೆ ಅಡ್ಡಿಯಾಗಿರುವುದೂ ನಿಂತ ಕಾರುಗಳೇ, ನಡೆಯುವ ಜನರಲ್ಲ. 2022ರ ಮಾರ್ಚಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾಯಿತ ಸದಸ್ಯರಿಲ್ಲದೆ ಆಡಳಿತ ನಡೆದದ್ದರಿಂದ ಇಂಥ ಸಣ್ಣ ಅಹವಾಲುಗಳನ್ನು ಯಾರ ಬಳಿ ಒಯ್ಯಬೇಕೆಂಬುದೇ ಜನಕ್ಕೆ ಮರೆತಿದೆ. ಪಶ್ಚಿಮಕ್ಕೆ ಜಿ-ಉತ್ತರ, ಪೂರ್ವಕ್ಕೆ ಎಫ್-ಉತ್ತರ ವಿಭಾಗದ ಕಚೇರಿಗಳಿವೆ. ದಾದರ್-ಮಾಟುಂಗಾದ ಕನ್ನಡ ಸಂಸ್ಥೆಗಳು ತಮ್ಮ ತಮ್ಮ ರಸ್ತೆಯ ವಿಷಯದಲ್ಲಿ ಮರಾಠಿ, ತಮಿಳು, ಗುಜರಾತಿ ನೆರೆಯವರೊಡನೆ ಸೇರಿ ಅಲ್ಲಿ ಲಿಖಿತ ಅರ್ಜಿ ಕೊಡಲಿ. ಇಷ್ಟು ಮೀಟರ್ ಫುಟ್‌ಪಾತು, ಇಂತಹ ಕಂಬದಿಂದ ಇಂತಹ ಕಂಬದವರೆಗೆ ಎಂದು ಅಳೆದು ಬರೆದ ಅರ್ಜಿಯನ್ನು ತಿರಸ್ಕರಿಸುವುದು ಕಚೇರಿಗಳಿಗೆ ಕಷ್ಟ, ಇದು ಅನುಭವದ ಮಾತು. ಅದರ ಜೊತೆಗೇ ನಮ್ಮ ಸಂಘಗಳ ಆಮಂತ್ರಣ ಪತ್ರಿಕೆಗಳಲ್ಲಿ "ವಾಹನ ನಿಲುಗಡೆಗೆ ಸೌಕರ್ಯವಿದೆ" ಎಂಬ ಸಾಲಿನ ಕೆಳಗೆ, ಯಾವ ನಿಲ್ದಾಣದ ಯಾವ ಸೇತುವೆಯಿಂದ ಇಳಿದು, ಯಾವ ಬದಿಯ ಫುಟ್‌ಪಾತಿನಲ್ಲಿ ಬಂದರೆ ವೃದ್ಧರಿಗೆ ಅನುಕೂಲವೆಂಬುದನ್ನೂ ಎರಡು ಸಾಲು ಮುದ್ರಿಸಲಿ. ಮುದ್ರಣಕ್ಕೆ ಕಳಿಸುವ ಮೊದಲು ಕಾರ್ಯಕಾರಿ ಸಮಿತಿಯವರು ಆ ದಾರಿಯಲ್ಲಿ ಒಮ್ಮೆ ತಾವೇ ನಡೆದು ನೋಡಲಿ. ಸಂಜೆ ಆರರಿಂದ ಏಳರೊಳಗೆ, ಸಾಧ್ಯವಾದರೆ ಮಳೆ ಬರುತ್ತಿರುವಾಗ.